ಬೀಡಿ ಸೇದದವನಿಗೆ ಉಬ್ಬಸ ಯಾಕೆ?

ಮಕ್ಕಳೇ, ಮಕ್ಕಳ ಜೊತೆ ಕೂತು ಇದನ್ನು ಓದುವ ಅಜ್ಜ-ಅಜ್ಜಿಯರೇ,

ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ತಪ್ಪು ನನ್ನದು. ಅದನ್ನು ಕಂಡುಹಿಡಿದವಳು ಐದನೇ ಕ್ಲಾಸಿನ ನನ್ನ ಮೊಮ್ಮಗಳು.

ಹೋದ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಪಿರಿಯಾಪಟ್ಟಣದ ಕಡೆ ಇರುವ ನಮ್ಮಕ್ಕನ ಊರಿಗೆ ಹೋಗಿದ್ದೆವು. ಶ್ರಾವಣ ಅಂದರೆ ಆ ಸೀಮೆಯಲ್ಲಿ ಹಬ್ಬದ ತಿಂಗಳು ಮಾತ್ರವಲ್ಲ, ಹೊಗೆಸೊಪ್ಪು ಬೇಯಿಸುವ ತಿಂಗಳೂ ಹೌದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮಕ್ಕಳಿಗೆ ಬ್ಯಾರನ್ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲು ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಬಾಯಿಗೆ ಸೌದೆ ಒಡ್ಡುತ್ತಾರೆ. ಬಿಸಿ ಹೊಗೆ ದೊಡ್ಡ ಕೊಳವೆಗಳೊಳಗೆ ಹಾದು ಕೋಣೆಯನ್ನು ಕಾಯಿಸಿ, ಚಿಮಣಿಯಿಂದ ಆಚೆ ಹೋಗುತ್ತದೆ. ಸೊಪ್ಪಿಗೆ ಹೊಗೆ ತಾಕಬಾರದು, ಶಾಖ ಮಾತ್ರ ತಾಕಬೇಕು. ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರದಂತೆ ಕಾಯಬೇಕು. ಆಮೇಲೆ ಹಸಿರು ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗುತ್ತದೆ.

ಸೊಪ್ಪಿಗೆ ತಾಕದ ಆ ಹೊಗೆ ಎಲ್ಲಿಗೆ ಹೋಗುತ್ತದೆ? ಜಿಟಿಜಿಟಿ ಮಳೆಯ ದಿನ ಮೇಲೆ ಏರುವುದಿಲ್ಲ. ಬೀದಿಯಲ್ಲೇ ಮಂಜಿನ ಹಾಗೆ ಮಲಗಿರುತ್ತದೆ.

ಹಬ್ಬದ ರಾತ್ರಿ ಎರಡು ಗಂಟೆಗೆ ಮೊಮ್ಮಗಳು ಎದ್ದು ಕೂತಳು. ಎದೆಯೊಳಗಿಂದ ಸುಯ್ ಸುಯ್ ಸದ್ದು. ಪೂರ್ತಿ ಒಂದು ಮಾತು ಆಡಲು ಆಗುತ್ತಿಲ್ಲ. ಹೆಗಲು ಮೇಲೆ ಕೆಳಗೆ ಆಡುತ್ತಿದೆ.

"ನಿನ್ನ ಇನ್ಹೇಲರ್ ಎಲ್ಲಿ ಪುಟ್ಟಿ?" ಅಂದೆ.

"ಮನೇಲಿ... ಬೀರುನಲ್ಲಿ... ಹೊರಗೆ ಯಾರಿಗೂ ತೋರಿಸ್ಬೇಡ ಅಂತ... ನೀವೇ ಹೇಳಿದ್ರಲ್ಲ ತಾತ."

ಹೌದು. ನಾನೇ ಹೇಳಿದ್ದೆ. ಹೆಣ್ಣುಮಗು, ಚಿಕ್ಕಂದಿನಿಂದಲೇ ಉಬ್ಬಸ ಅಂತ ನಾಲ್ಕು ಜನ ಮಾತಾಡುವುದು ಬೇಡ ಅಂತ. ಅಕ್ಕನ ಮಗ ಕಾರು ತೆಗೆದ. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ನೆಬುಲೈಸರ್ ಹಾಕಿದರು. ಬೆಳಗಿನ ಜಾವಕ್ಕೆ ಉಸಿರು ಸಲೀಸಾಯಿತು. ಆ ಮೂರು ಗಂಟೆ ನಾನು ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಬೆಳಿಗ್ಗೆ ಜಗಲಿಯ ಮೇಲೆ ಪಂಚಾಯಿತಿ ಶುರುವಾಯಿತು.

"ಇದು ನಮ್ಮ ವಂಶದ್ದು ಕಣಪ್ಪ," ಅಂದಳು ಅಕ್ಕ. "ಅಪ್ಪಂಗಿತ್ತು. ಅಪ್ಪನಿಂದ ನಿಂಗೆ. ಈಗ ಮಗೀಗೆ. ರಕ್ತದಲ್ಲಿ ಬಂದಿದ್ದಕ್ಕೆ ಯಾರೇನು ಮಾಡಕಾಯ್ತದೆ?"

ಭಾವ ಬೀಡಿ ಹಚ್ಚುತ್ತಾ ನಕ್ಕರು. "ಹೊಗೆಯಿಂದ ಅಂತ ಮಾತ್ರ ಹೇಳ್ಬೇಡ ಬಾಮೈದ. ಐವತ್ತು ವರ್ಷದಿಂದ ಬೀಡಿ ಸೇದ್ತಾ ಇದೀನಿ, ಬ್ಯಾರನ್ ಬಾಯಲ್ಲೇ ಮಲಗ್ತೀನಿ. ನಂಗೇನಾಗೈತೆ? ನೀನು ಒಂದು ಬೀಡಿನೂ ಸೇದ್ದೋನು. ನಿಂಗೆ ಉಬ್ಬಸ!"

ವಾಪಸು ಹುಣಸೂರಿಗೆ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಕಿಟಕಿ ಕಡೆ ನೋಡುತ್ತಾ ಕೇಳಿದಳು. "ತಾತ, ಇದು ನೀವು ಕೊಟ್ಟಿದ್ದಾ? ಮತ್ತೆ, ಹಳ್ಳಿ ತಾತ ಹೇಳಿದ್ದು ನಿಜಾನಾ?"

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿ.ಕಾಂ. ಓದಿದವನು. ಈ ನಾಲ್ಕೂ ತಾಲ್ಲೂಕುಗಳ ಶಾಖೆಗಳಲ್ಲಿ ಲೆಡ್ಜರ್ ಬರೆದವನು. ವಿಜ್ಞಾನ ನನ್ನ ಹೊಲವಲ್ಲ. ಆದರೆ ಮಗು ಕೇಳಿದ ಪ್ರಶ್ನೆಯನ್ನು ಬಾಕಿ ಉಳಿಸಿಕೊಳ್ಳುವುದು ಸರಿಯಲ್ಲ. ಮಕ್ಕಳ ವೈದ್ಯರನ್ನು ಕೇಳಿದೆ, ನಮ್ಮ ಬೀದಿಯಲ್ಲಿರುವ ಜೀವಶಾಸ್ತ್ರದ ಮೇಷ್ಟ್ರನ್ನು ಕಾಡಿದೆ, ಸಿಕ್ಕಿದ್ದನ್ನು ಓದಿದೆ. ನನಗೆ ಅರ್ಥವಾದಷ್ಟನ್ನು ನಿಮಗೆ ಹೇಳುತ್ತೇನೆ.

ಮೊದಲು ಉಬ್ಬಸ ಎಂದರೇನು? ಶ್ವಾಸಕೋಶದೊಳಗೆ ಮರದ ಕೊಂಬೆಗಳ ಹಾಗೆ ಕವಲೊಡೆದ ಗಾಳಿಕೊಳವೆಗಳಿವೆ. ಕೆಲವರಲ್ಲಿ ಈ ಕೊಳವೆಗಳ ಒಳಮೈ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಹೊಗೆ, ಧೂಳು, ಪರಾಗ, ನೆಗಡಿ, ತಣ್ಣನೆಯ ಗಾಳಿ ಯಾವುದಾದರೂ ತಾಕಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಸೇರುತ್ತದೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ಆ ಸುಯ್ ಸುಯ್.

ಈಗ ಅಕ್ಕನ ಮಾತಿಗೆ ಬರೋಣ. ವಂಶದ್ದೇ? ಅರ್ಧ ಸತ್ಯ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ವಂಶವಾಹಿಗಳಿವೆ. ಅದನ್ನೇ ಜೀನ್ ಅನ್ನುತ್ತೇವೆ. ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ. ಪಾಸ್‌ಬುಕ್ಕಿನ ಮೊದಲ ಸಾಲಿನಲ್ಲಿ ಹಿಂದಿನ ಪುಸ್ತಕದ ಶಿಲ್ಕು ಬರೆದಿರುತ್ತದಲ್ಲ, ಹಾಗೆ. ಉಬ್ಬಸಕ್ಕೆ ಒಂದೇ ಜೀನ್ ಕಾರಣವಲ್ಲ, ಹತ್ತಾರು ಇವೆ. 2007ರಲ್ಲಿ ವಿಜ್ಞಾನಿಗಳು ನಮ್ಮ 17ನೇ ಕ್ರೋಮೋಸೋಮಿನ ಒಂದು ಜಾಗಕ್ಕೂ ಮಕ್ಕಳ ಉಬ್ಬಸಕ್ಕೂ ನಂಟಿದೆ ಎಂದು ಕಂಡುಕೊಂಡರು. ಮುಂದಿನ ವರ್ಷ, 2008ರಲ್ಲಿ, ಫ್ರಾನ್ಸಿನ ಕುಟುಂಬಗಳನ್ನು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಅದೇ ಜೀನ್ ಪಡೆದವರಲ್ಲಿಯೂ, ಎಳವೆಯಲ್ಲಿ ಮನೆಯೊಳಗೆ ತಂಬಾಕಿನ ಹೊಗೆ ಕುಡಿದವರಿಗೆ ಚಿಕ್ಕ ವಯಸ್ಸಿನ ಉಬ್ಬಸದ ಅಪಾಯ ಹೆಚ್ಚಾಗಿತ್ತು. ಶಿಲ್ಕು ಹಿರಿಯರದ್ದು, ಅದರ ಮೇಲಿನ ಬಡ್ಡಿ ಹೊಗೆಯದು.

ನಮ್ಮ ಮನೆಯ ಲೆಕ್ಕವನ್ನೇ ನೋಡಿ. ನಮ್ಮಪ್ಪ ಬೇರೆಯವರ ಬ್ಯಾರನ್‌ಗೆ ರಾತ್ರಿಯಿಡೀ ಸೌದೆ ಒಡ್ಡುತ್ತಿದ್ದರು. ಮನೆಯೊಳಗೆ ಅಮ್ಮನ ಸೌದೆ ಒಲೆ. ಅಪ್ಪನಿಂದ ನನಗೆ ಜೀನ್ ಬಂದದ್ದು ನಿಜ. ಅದರ ಜೊತೆ ಅದೇ ಹೊಗೆಯೂ ಬಂತು. ಎರಡೂ ಒಂದೇ ಚೀಲದಲ್ಲಿ ಬಂದರೆ ಯಾವುದರ ಭಾರ ಎಷ್ಟು ಅಂತ ಹೇಗೆ ತೂಗುವುದು?

ನಮ್ಮ ಬೆಂಗಳೂರಿನದೇ ಒಂದು ಲೆಕ್ಕ ಇದಕ್ಕೆ ಸಹಾಯ ಮಾಡುತ್ತದೆ. ಮಕ್ಕಳ ಶ್ವಾಸಕೋಶದ ತಜ್ಞರಾದ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಕಾಲ ಗಮನಿಸಿ ಬರೆದಿಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಉಬ್ಬಸ. 1999ರಲ್ಲಿ ನೂರಕ್ಕೆ 29.5. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಹಾಗೆಯೇ ಅನ್ವಯಿಸಬಾರದು. ಆದರೆ ಏರಿಕೆಯನ್ನು ನೋಡಿ. ಒಂದು ಊರಿನ ಜನರ ಜೀನ್ ಇಪ್ಪತ್ತು ವರ್ಷದಲ್ಲಿ ಹೀಗೆ ಬದಲಾಗುವುದಿಲ್ಲ. ಅದಕ್ಕೆ ನೂರಾರು ತಲೆಮಾರು ಬೇಕು. ಇಪ್ಪತ್ತು ವರ್ಷದಲ್ಲಿ ಬದಲಾದದ್ದು ವಾಹನ, ಧೂಳು, ಗಾಳಿ, ಮನೆ, ಬದುಕುವ ರೀತಿ. ಹಾಗಾಗಿ "ರಕ್ತದಲ್ಲಿ ಬಂದಿದ್ದು, ಏನು ಮಾಡೋಕಾಗುತ್ತೆ" ಅನ್ನುವ ಅಕ್ಕನ ಮಾತು ಅಲ್ಲಿಗೆ ನಿಲ್ಲುವುದಿಲ್ಲ.

ಇನ್ನು ಭಾವನ ಮಾತು. ಅದು ಅಕ್ಕನದಕ್ಕಿಂತ ಗಟ್ಟಿ, ಯಾಕೆಂದರೆ ಅದು ಕಣ್ಣಿಗೆ ಕಾಣುವ ಲೆಕ್ಕ. ಸೇದುವವರು ಗಟ್ಟಿಯಾಗಿದ್ದಾರೆ, ಸೇದದವನು ಏದುಸಿರು ಬಿಡುತ್ತಾನೆ.

ನಾನು ಬ್ಯಾಂಕಿನಲ್ಲಿದ್ದಾಗ ಸಾಲ ಬಾಕಿ ಇರುವವರಿಗೆ ನೋಟಿಸ್ ಕಳಿಸುವುದು ನನ್ನ ಕೆಲಸವಾಗಿತ್ತು. ಒಮ್ಮೆ ಹೊಸದಾಗಿ ಸೇರಿದ ಹುಡುಗ ರಿಜಿಸ್ಟರ್ ನೋಡಿ ತಮಾಷೆ ಮಾಡಿದ. "ಸಾರ್, ನೋಟಿಸ್ ಹೋದ ಮನೆಗಳಲ್ಲೇ ಬಾಕಿ ಜಾಸ್ತಿ. ನೋಟಿಸ್ ನಿಲ್ಲಿಸಿಬಿಟ್ಟರೆ ಎಲ್ಲರೂ ಕಟ್ಟುತ್ತಾರೇನೋ!" ಮಕ್ಕಳೇ, ತಪ್ಪು ಎಲ್ಲಿದೆ ಗೊತ್ತಾಯಿತೆ? ನೋಟಿಸ್‌ನಿಂದ ಬಾಕಿ ಆದದ್ದಲ್ಲ, ಬಾಕಿ ಆದದ್ದರಿಂದ ನೋಟಿಸ್ ಹೋಯಿತು. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡದೆ ಕೂಡಿದರೆ ಲೆಕ್ಕ ತಲೆಕೆಳಗು.

ಭಾವನ ಲೆಕ್ಕವೂ ಹಾಗೆಯೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಟೆಂಟ್ ಸಿನಿಮಾದ ಹಿಂದೆ ಗೆಳೆಯರ ಜೊತೆ ನಾನೂ ಒಂದು ಬೀಡಿ ಎಳೆದಿದ್ದೆ. ಒಂದೇ ಒಂದು ದಮ್ಮು. ಕೆಮ್ಮಿ ಕೆಮ್ಮಿ ಸಿನಿಮಾ ಮುಗಿಯುವವರೆಗೂ ಹೊರಗೇ ಕೂತಿದ್ದೆ. ಆಮೇಲೆ ಮುಟ್ಟಲಿಲ್ಲ. ಅಂದರೆ ನಾನು ಬೀಡಿ ಸೇದದೆ ಇದ್ದದ್ದರಿಂದ ಉಬ್ಬಸ ಬಂದದ್ದಲ್ಲ. ಉಬ್ಬಸ ಇದ್ದದ್ದರಿಂದ ಬೀಡಿ ಸೇದಲಿಲ್ಲ! ನನ್ನಂಥವರೆಲ್ಲ ಹೊಗೆ ಬಿಟ್ಟು ದೂರ ಹೋಗುತ್ತಾರೆ. ತಡೆದುಕೊಳ್ಳಬಲ್ಲವರು ಸೇದುತ್ತಾ ಉಳಿಯುತ್ತಾರೆ. ಆಮೇಲೆ ಎರಡು ಗುಂಪನ್ನು ಎದುರುಬದುರು ನಿಲ್ಲಿಸಿ ನೋಡಿದರೆ ಹೊಗೆ ನಿರಪರಾಧಿಯ ಹಾಗೆ ಕಾಣುತ್ತದೆ.

ಹಾಗಾದರೆ ನಿಜವನ್ನು ಹೊರಗೆ ತೆಗೆಯುವುದು ಹೇಗೆ? ಇಲ್ಲಿಯೇ ಜೀನ್ ಸಾಕ್ಷಿ ಹೇಳಲು ಬರುತ್ತದೆ.

ಹೈಸ್ಕೂಲು ಮಕ್ಕಳು ಮೆಂಡೆಲ್ ಹೆಸರು ಕೇಳಿರುತ್ತೀರಿ. ಬಟಾಣಿ ಗಿಡ ಬೆಳೆಸಿ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಹಂಚಿಕೆಯಾಗುತ್ತವೆ ಎಂದು 1866ರಲ್ಲಿ ಪ್ರಕಟಿಸಿದ ಪಾದ್ರಿ. ಅಪ್ಪನ ಹತ್ತಿರ ಒಂದು ಜೀನಿನ ಎರಡು ಪ್ರತಿ, ಅಮ್ಮನ ಹತ್ತಿರ ಎರಡು ಪ್ರತಿ. ಮಗುವಿಗೆ ಒಬ್ಬೊಬ್ಬರಿಂದ ಒಂದೊಂದು. ಯಾವುದು ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ಶ್ರೀಮಂತ ಎತ್ತಿದರೂ ಅಷ್ಟೇ, ಬಡವ ಎತ್ತಿದರೂ ಅಷ್ಟೇ. ಮುಖ್ಯವಾದ ಸಂಗತಿ ಏನೆಂದರೆ, ಈ ಚೀಟಿ ಎತ್ತುವುದು ಹುಟ್ಟುವ ಮೊದಲೇ ಮುಗಿದಿರುತ್ತದೆ. ಆಮೇಲೆ ಉಬ್ಬಸ ಬಂತು, ಬೀಡಿ ಬಿಟ್ಟೆ, ಮನೆ ಬದಲಾಯಿಸಿದೆ ಅಂದರೂ ಚೀಟಿ ಬದಲಾಗುವುದಿಲ್ಲ. ಅಂದರೆ ನೋಟಿಸ್ ಮೊದಲೋ ಬಾಕಿ ಮೊದಲೋ ಎಂಬ ಗೊಂದಲ ಇಲ್ಲಿಲ್ಲ.

ನಮ್ಮ 15ನೇ ಕ್ರೋಮೋಸೋಮಿನಲ್ಲಿ ಒಂದು ಜಾಗವಿದೆ. ನಿಕೋಟಿನ್ ಮೆದುಳಿನಲ್ಲಿ ಹೇಗೆ ಕೆಲಸ ಮಾಡಬೇಕು ಎನ್ನುವುದಕ್ಕೆ ಅದು ಸಂಬಂಧಿಸಿದ್ದು. ಅಲ್ಲಿ ಒಂದು ಅಕ್ಷರ ಬೇರೆ ಇದ್ದವರು, ಸೇದುವ ಅಭ್ಯಾಸಕ್ಕೆ ಬಿದ್ದರೆ ಇತರರಿಗಿಂತ ಸ್ವಲ್ಪ ಹೆಚ್ಚು ಸೇದುತ್ತಾರೆ. ವಿಜ್ಞಾನಿಗಳು ಈ ಅಕ್ಷರವನ್ನೇ ಸಾಕ್ಷಿಗೆ ಕರೆದರು. 22 ಅಧ್ಯಯನಗಳ 2,31,020 ಜನರ ಲೆಕ್ಕವನ್ನು ಒಟ್ಟು ಮಾಡಿ 2017ರಲ್ಲಿ ಪ್ರಕಟಿಸಿದರು. ಬಹುಪಾಲು ಯುರೋಪ್ ಮೂಲದ ಜನ.

ಮೊದಲು ಭಾವನ ರೀತಿಯಲ್ಲೇ ಲೆಕ್ಕ ಹಾಕಿದರು. ಸೇದುವವರಲ್ಲಿ ಉಬ್ಬಸ ಎಷ್ಟು, ಎಂದೂ ಸೇದದವರಲ್ಲಿ ಎಷ್ಟು? ಎರಡೂ ಸರಿಸಮ! ಭಾವ ಗೆದ್ದರು. ಆಮೇಲೆ ಚೀಟಿಯ ರೀತಿಯಲ್ಲಿ ಹಾಕಿದರು. ಸೇದುವವರ ಪೈಕಿ, ಹೆಚ್ಚು ಸೇದಿಸುವ ಆ ಅಕ್ಷರದ ಪ್ರತಿ ಒಂದು ಪ್ರತಿಗೂ ಉಬ್ಬಸದ ಸಂಭವ ನೂರಕ್ಕೆ ಸುಮಾರು 6ರಷ್ಟು ಏರಿತ್ತು. ಅಂತರ ಸಣ್ಣದೇ. ಒಂದು ಅಕ್ಷರದಿಂದ ಹೆಚ್ಚಾಗುವ ಸಿಗರೇಟೂ ಕಡಿಮೆಯೇ. ಆದರೆ ಸೊನ್ನೆ ಎಂದು ತೋರಿದ ಜಾಗದಲ್ಲಿ ಸೊನ್ನೆ ಇರಲಿಲ್ಲ. ಹೊಗೆಯ ಖರ್ಚು ಪುಸ್ತಕದಲ್ಲಿ ಇದ್ದೇ ಇತ್ತು, ಬೇರೆ ಖಾತೆಯಲ್ಲಿ ಅಡಗಿತ್ತು ಅಷ್ಟೇ.

ಈ ವಿಧಾನಕ್ಕೆ ಮೆಂಡೆಲನ ಹೆಸರನ್ನೇ ಇಟ್ಟಿದ್ದಾರೆ. ಮೆಂಡೇಲಿಯನ್ ರ‍್ಯಾಂಡಮೈಸೇಷನ್. ಹೆಸರು ಕೇಳಿ ಹೆದರಬೇಡಿ, ಅದು ಹುಟ್ಟಿನ ಚೀಟಿಯಿಂದ ಕಾರಣ ಹುಡುಕುವ ವಿಧಾನ. ಇದು ದೂರದ ಮಾತೂ ಅಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಾಗಿದ್ದ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ಆ ಲೆಕ್ಕವನ್ನು ಪುಣೆಯ ತಾಯಂದಿರ ಲೆಕ್ಕದ ಜೊತೆ ಸೇರಿಸಿ, ಇದೇ ಚೀಟಿ ವಿಧಾನದಿಂದ 2014ರಲ್ಲಿ ಒಂದು ಪ್ರಶ್ನೆ ಕೇಳಿದರು. ತಾಯಿಯ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚಾದರೆ ಮಗುವಿನ ಹುಟ್ಟುತೂಕ ನಿಜವಾಗಿಯೂ ಕಡಿಮೆಯಾಗುತ್ತದೆಯೆ? ಹೌದೆಂಬ ಕಡೆಗೇ ಜೀನ್ ಸಾಕ್ಷಿ ಹೇಳಿತು. ಬಿ12, ಫೋಲಿಕ್ ಆಮ್ಲ ಕಡಿಮೆಯಾದಾಗ ಆ ವಸ್ತು ಏರುತ್ತದೆ. ಅದು ಉಬ್ಬಸದ ಲೆಕ್ಕವಲ್ಲ, ಹುಟ್ಟುತೂಕದ್ದು. ಆದರೂ ನಮ್ಮ ಜಿಲ್ಲೆಯ ತಾಯಂದಿರು ಇಂಥ ವಿಧಾನಕ್ಕೆ ರಕ್ತ ಕೊಟ್ಟು ಜಗತ್ತಿಗೆ ಸಾಕ್ಷಿಯಾದರು ಎಂದು ಓದಿ ನನಗೆ ಹೆಮ್ಮೆಯಾಯಿತು.

ಬ್ಯಾರನ್ ಹೊಗೆಗೂ ಇದೇ ಚೀಟಿ ಎತ್ತಬಹುದೇ ಎಂದು ಮೇಷ್ಟ್ರನ್ನು ಕೇಳಿದೆ. ಅವರು ನಕ್ಕರು. "ಹೆಚ್ಚು ಸೇದಿಸುವ ಜೀನ್ ಇದೆ ಸಾರ್. ಬ್ಯಾರನ್ ಪಕ್ಕ ಮನೆ ಕಟ್ಟಿಸುವ ಜೀನ್ ಇಲ್ಲ." ನಿಜವೇ. ಎಲ್ಲದಕ್ಕೂ ಒಂದೇ ತಕ್ಕಡಿ ನಡೆಯುವುದಿಲ್ಲ. ಆದರೆ ಸೌದೆ ಹೊಗೆ ಉಬ್ಬಸ ಇರುವವರ ಗಾಳಿಕೊಳವೆಯನ್ನು ಕೆರಳಿಸುತ್ತದೆ ಎಂಬುದಕ್ಕೆ ಜೀನ್ ಸಾಕ್ಷಿ ಬೇಕಾಗಿಲ್ಲ. ಅದನ್ನು ವೈದ್ಯರು ಬಹಳ ಕಾಲದಿಂದ ಬಲ್ಲರು. ನಾನು ಹಬ್ಬದ ರಾತ್ರಿ ಕಣ್ಣಾರೆ ಕಂಡೆ.

ಅಕ್ಕನಿಗೆ ಖುಷಿ ಕೊಟ್ಟ ಕಥೆಯೂ ಒಂದಿದೆ. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಇಬ್ಬರೂ ಹಿಂದೆ ಯುರೋಪಿನಿಂದ ಬಂದವರು. ಇಬ್ಬರ ಜೀನ್‌ಗಳು ಬಹಳ ಹತ್ತಿರ. ಇಬ್ಬರ ಮನೆಯಲ್ಲೂ ಮಕ್ಕಳು ಜಾಸ್ತಿ, ಊಟವೂ ಹೆಚ್ಚು ಕಡಿಮೆ ಒಂದೇ ತರಹ. ಆದರೆ ಅಮಿಶ್ ಶಾಲಾಮಕ್ಕಳಲ್ಲಿ ನೂರಕ್ಕೆ 5.2 ಮಂದಿಗೆ ಉಬ್ಬಸ, ಹಟರೈಟ್ ಮಕ್ಕಳಲ್ಲಿ 21.3. ಚೀಟಿ ಒಂದೇ, ಲೆಕ್ಕ ಬೇರೆ! ಯಾಕೆ? ಅಮಿಶ್ ಜನ ಕುದುರೆಯಿಂದ ಉಳುತ್ತಾರೆ, ಮನೆಯ ಪಕ್ಕದಲ್ಲೇ ಹಸುವಿನ ಕೊಟ್ಟಿಗೆ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ, ಪುಟ್ಟ ಮಕ್ಕಳು ಕೊಟ್ಟಿಗೆ ಕಡೆ ಹೋಗುವುದಿಲ್ಲ. ವಿಜ್ಞಾನಿಗಳು ಎರಡೂ ಕಡೆಯ ಮನೆಗಳ ಧೂಳು ತಂದು ಇಲಿಗಳ ಮೂಗಿಗೆ ಹಾಕಿ ನೋಡಿದರು. ಅಮಿಶ್ ಮನೆಯ ಧೂಳು ಇಲಿಗಳನ್ನು ಉಬ್ಬಸದಂಥ ತೊಂದರೆಯಿಂದ ಕಾಪಾಡಿತು. ಹಟರೈಟರದು ಕಾಪಾಡಲಿಲ್ಲ. ಇದು ಪ್ರಕಟವಾದದ್ದು 2016ರಲ್ಲಿ. ದನಕರುಗಳ ಜೊತೆಗಿನ ಸೂಕ್ಷ್ಮಜೀವಿಗಳು ಎಳೆಯ ದೇಹಕ್ಕೆ ಏನೋ ಪಾಠ ಕಲಿಸುತ್ತವೆ.

ಫೋನಿನಲ್ಲಿ ಇದನ್ನು ಹೇಳಿದಾಗ ಅಕ್ಕ, "ನೋಡ್ದಾ, ನಮ್ಮ ಕೊಟ್ಟಿಗೆ!" ಅಂದಳು. "ಕೊಟ್ಟಿಗೆ ಸರಿ ಅಕ್ಕ, ಕೊಟ್ಟಿಗೆ ಪಕ್ಕದ ಹೊಗೆ ಸರಿಯಲ್ಲ," ಅಂದೆ. ಅಜ್ಜಿಯರೇ, ನೀವೂ ಗಮನಿಸಿ. ಈಗಾಗಲೇ ಉಬ್ಬಸ ಇರುವ ಮಗುವನ್ನು ಕೊಟ್ಟಿಗೆ ಧೂಳಿಗೆ ಬಿಡುವುದು ಔಷಧಿಯಲ್ಲ, ಅಪಾಯ.

ಅಕ್ಕನ ಮನೆಯವರು ಹೊಗೆಸೊಪ್ಪು ಬಿಡಲಿ ಎಂದು ನಾನು ಹೇಳುವುದಿಲ್ಲ. ಅದೇ ಸೊಪ್ಪಿನ ಹರಾಜಿನ ದುಡ್ಡಿನಲ್ಲಿ ಇಬ್ಬರು ಮಕ್ಕಳು ಓದಿದರು. ಬ್ಯಾರನ್ ಸಾಲದ ಅರ್ಜಿಗಳನ್ನು ತುಂಬಿಸಿದವನು ನಾನೇ. ಆದರೆ ಸಣ್ಣ ಬದಲಾವಣೆ ಆಗಿದೆ. ಭಾವ ಬೀಡಿ ಬಿಟ್ಟಿಲ್ಲ. ಮನೆಯೊಳಗೆ ಹಚ್ಚುವುದನ್ನು ಬಿಟ್ಟಿದ್ದಾರೆ. "ಚೀಟಿ ಎತ್ತಿದ ಮೇಲೆ ಸೋತೆ ಬಾಮೈದ," ಅನ್ನುತ್ತಾರೆ. ಮೊಮ್ಮಗಳು ಇನ್ನು ಮುಂದೆ ಹೋಗುವುದು ಬ್ಯಾರನ್ ಆರಿದ ಮೇಲೆ, ಸಂಕ್ರಾಂತಿಗೆ.

ಇನ್ನು ನನ್ನ ತಪ್ಪು. ಬ್ಯಾಂಕ್ ಸೇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ತಿಳಿದುಬಿಟ್ಟರೆ ಕೆಲಸ ಹೋದೀತೆಂದು ಉಬ್ಬಸ ಮುಚ್ಚಿಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು. ಕೌಂಟರಿನ ಕೆಳಗೆ ಮಾತ್ರೆ ಇಟ್ಟುಕೊಂಡು ಗುಟ್ಟಾಗಿ ನುಂಗುತ್ತಿದ್ದೆ. ನೋಟು ಎಣಿಸುವಾಗ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಇನ್ಹೇಲರ್ ಅಭ್ಯಾಸವಾದರೆ ಬಿಡಲಾಗದು ಎಂದು ಹೆದರಿದ್ದೆ. ಈಚೆಗೆ ಲೆಕ್ಕ ಹಾಕಿದೆ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ 40 ಪಫ್‌ಗೆ ಸಮ! ಮಾತ್ರೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ. ಪಫ್ ನೇರ ಎದೆಗೇ ಹೋಗುತ್ತದೆ. ಬಿ.ಕಾಂ. ಓದಿದವನು ಮೂವತ್ತು ವರ್ಷ ಈ ಸಣ್ಣ ಗುಣಾಕಾರ ಮಾಡಲಿಲ್ಲ. ಯಾವ ಔಷಧಿ, ಎಷ್ಟು, ಯಾವಾಗ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ನಾನು ಮುಚ್ಚಿಟ್ಟಿದ್ದರಿಂದಲೇ ಭಾವನಂಥವರು ಹೊಗೆಯನ್ನು ನಿರಪರಾಧಿ ಎಂದುಕೊಂಡರು. ನನ್ನ ಮಾತು ಕೇಳಿ ಮಗುವೂ ಮುಚ್ಚಿಟ್ಟಿತು, ಆ ರಾತ್ರಿ ಹಾಗಾಯಿತು.

ಕೊನೆಗೆ ಮೊಮ್ಮಗಳಿಗೆ ಉತ್ತರ ಕೊಟ್ಟೆ. "ಪುಟ್ಟಿ, ಒಂದು ಚೀಟಿ ನನ್ನಿಂದಲೇ ಬಂದಿರಬಹುದು. ಅದು ಯಾರ ತಪ್ಪೂ ಅಲ್ಲ, ನಾಚಿಕೆಯೂ ಅಲ್ಲ. ಬಚ್ಚಿಡು ಅಂದದ್ದು ಮಾತ್ರ ನನ್ನ ತಪ್ಪು."

ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಿಮ್ಮ ಇನ್ಹೇಲರ್ ಎಲ್ಲಿ ತಾತ?" ಅಂದಳು. ಅದು ದೇವರ ಪಟದ ಹಿಂದೆ ಇತ್ತು. ಈಗ ಅಂಗಿಯ ಜೇಬಿನಲ್ಲಿದೆ, ಹಿಂದೆ ಪೆನ್ನು ಇರುತ್ತಿದ್ದ ಜಾಗದಲ್ಲಿ. ಅವಳದು ಸ್ಕೂಲ್ ಬ್ಯಾಗಿನ ಮುಂದಿನ ಜೇಬಿನಲ್ಲಿ. ಅವಳ ಟೀಚರಿಗೂ ಗೆಳತಿಗೂ ಗೊತ್ತು.

ಮಕ್ಕಳೇ, ಈ ವಾರದ ಮನೆಗೆಲಸ. ಒಂದು ಹಾಳೆಯಲ್ಲಿ ಮೂರು ತಲೆಮಾರಿನ ಹೆಸರು ಬರೆಯಿರಿ. ಯಾರಿಗೆ ಉಬ್ಬಸ ಇತ್ತು, ಇದೆ ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಗುರುತು ಹಾಕಿ. ಪಕ್ಕದ ಕಾಲಂನಲ್ಲಿ ಅವರ ಬದುಕಿನಲ್ಲಿ ಯಾವ ಹೊಗೆ ಇತ್ತು ಎಂದು ಬರೆಯಿರಿ. ಒಲೆಯದೋ, ಬೀಡಿಯದೋ, ಬ್ಯಾರನ್‌ನದೋ, ರಸ್ತೆಯದೋ. ಮೊದಲ ಕಾಲಂ ಬದಲಾಯಿಸಲು ನಮ್ಮಿಂದ ಆಗದು. ಎರಡನೆಯದರಲ್ಲಿ ಏನನ್ನು ಹೊಡೆದುಹಾಕಬಹುದು ಎಂದು ಮನೆಯವರೆಲ್ಲ ಕೂತು ನೋಡಿ.

ಅಜ್ಜ-ಅಜ್ಜಿಯರೇ, ಮಗು ಕೇಳಿದಾಗ ನಿಜ ಹೇಳಿ. ಈ ಲೆಕ್ಕದಲ್ಲಿ ನೀವು ಒಂದು ಸಾಲು ಮುಚ್ಚಿಟ್ಟರೆ, ಮೊತ್ತ ತಪ್ಪುವುದು ಅವರ ಪುಸ್ತಕದಲ್ಲಿ.